ಪ್ರಿಂಟರಿಗೊಂದು ಕಾಯಂ ವಿಳಾಸ

ಮನೆಯಲ್ಲಿರುವ ಪ್ರಿಂಟರನ್ನು ತಂತಿಯಿಲ್ಲದೆ ಕಂಪ್ಯೂಟರಿಗೂ ಮೊಬೈಲ್ ಫೋನಿಗೂ ಜೋಡಿಸುವುದು ಹೊರನೋಟಕ್ಕೆ ಒಂದೇ ಕೆಲಸವೆಂದು ತೋರಿದರೂ ಅದರೊಳಗೆ ಸ್ವಭಾವದಲ್ಲೇ ಬೇರೆಯಾದ ಎರಡು ಕೆಲಸಗಳಿವೆ. ಮೊದಲನೆಯದು ಪ್ರಿಂಟರನ್ನು ಮನೆಯ ವೈ-ಫೈ ಜಾಲದೊಳಕ್ಕೆ ಸೇರಿಸಿಕೊಳ್ಳುವುದು, ಅಂದರೆ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ಅದಕ್ಕೆ ತಿಳಿಸಿ ಒಳಗೆ ಬಿಟ್ಟುಕೊಳ್ಳುವುದು. ಎರಡನೆಯದು, ಹಾಗೆ ಒಳಬಂದ ಪ್ರಿಂಟರ್ ಜಾಲದಲ್ಲಿ ಯಾವ ವಿಳಾಸದಲ್ಲಿ ನೆಲೆಸಿದೆಯೆಂಬುದು ಕಂಪ್ಯೂಟರಿಗೂ ಫೋನಿಗೂ ಪ್ರತಿಸಲವೂ ತಪ್ಪದೆ ಗೊತ್ತಾಗುವಂತೆ ನೋಡಿಕೊಳ್ಳುವುದು. ಪ್ರಿಂಟರಿನ ಜೊತೆ ಬರುವ ಕೈಪಿಡಿಗಳು ಮೊದಲನೆಯದನ್ನು ಚಿತ್ರಸಹಿತ ವಿವರಿಸಿ, ಎರಡನೆಯದನ್ನು ತಾನಾಗಿಯೇ ಆಗತಕ್ಕದ್ದೆಂದು ಬಿಟ್ಟುಬಿಡುತ್ತವೆ. ಆದರೆ ನಿನ್ನೆಯವರೆಗೆ ಚೆನ್ನಾಗಿದ್ದ ಪ್ರಿಂಟರ್ ಇಂದು 'ಆಫ್‌ಲೈನ್' ಎಂದು ತೋರಿಸುವುದು, ಫೋನಿಗೆ ಕಾಣುವ ಪ್ರಿಂಟರ್ ಪಕ್ಕದಲ್ಲೇ ಇರುವ ಲ್ಯಾಪ್‌ಟಾಪಿಗೆ ಕಾಣದಿರುವುದು ಮೊದಲಾದ ದಿನನಿತ್ಯದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಎರಡನೆಯ ಕೆಲಸದಲ್ಲಿ. ಹಾಗಿದ್ದೂ ಬಳಸುವವರು ಪರಿಹಾರವನ್ನು ಹುಡುಕುವುದು ಮೊದಲನೆಯದರಲ್ಲಿ, ಅಂದರೆ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಜೋಡಿಸುವುದರಲ್ಲಿ.

ಕಂಪ್ಯೂಟರ್ ಜಾಲಗಳ ಚರಿತ್ರೆಯಲ್ಲಿ ಪ್ರಿಂಟರಿಗಿರುವ ಸ್ಥಾನವನ್ನು ನೆನೆದರೆ ಈ ಸ್ಥಿತಿ ವಿಚಿತ್ರವಾಗಿಯೇ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ 'ಈಥರ್‌ನೆಟ್' ಎಂಬ ಜಾಲವನ್ನು ರೂಪಿಸತೊಡಗಿದಾಗ ಅವರ ಎದುರಿಗಿದ್ದ ಮುಖ್ಯ ಅಗತ್ಯಗಳಲ್ಲೊಂದು, ಬೇರೆಬೇರೆ ಕೋಣೆಗಳಲ್ಲಿದ್ದ 'ಆಲ್ಟೊ' ಎಂಬ ಕಂಪ್ಯೂಟರುಗಳೆಲ್ಲವೂ ಗ್ಯಾರಿ ಸ್ಟಾರ್ಕ್‌ವೆದರ್ ಅದೇ ಕೇಂದ್ರದಲ್ಲಿ ಸಿದ್ಧಪಡಿಸಿದ್ದ ಲೇಸರ್ ಪ್ರಿಂಟರನ್ನು ಹಂಚಿಕೊಳ್ಳುವಂತೆ ಮಾಡುವುದಾಗಿತ್ತು. ಅದಕ್ಕೆ ಅವರು ಪಡೆದ ಪ್ರೇರಣೆಯಾದರೋ ತಂತಿಯಿಲ್ಲದ ಇನ್ನೊಂದು ಜಾಲದ್ದು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪದಿಂದ ದ್ವೀಪಕ್ಕೆ ರೇಡಿಯೊ ಅಲೆಗಳ ಮೂಲಕವೇ ಮಾಹಿತಿ ಕಳಿಸುವ 'ಅಲೋಹಾನೆಟ್' ಎಂಬ ವ್ಯವಸ್ಥೆಯನ್ನು 1971ರಲ್ಲಿ ಆರಂಭಿಸಿದ್ದರು. ಇಂದಿನ ಮನೆಮನೆಯ ಜಾಲಗಳ ಪೂರ್ವಜನು ಹುಟ್ಟಿದ್ದರಲ್ಲಿ ಪ್ರಿಂಟರಿನ ಪಾಲು ಅಷ್ಟು ದೊಡ್ಡದಾಗಿದ್ದರೂ, ಐವತ್ತು ವರ್ಷಗಳ ಮೇಲೆ ಅದೇ ಪ್ರಿಂಟರ್ ಮನೆಯ ಜಾಲದ ಹೊಸ್ತಿಲಲ್ಲಿ ಹೆಸರು ಕೇಳಿಸಿಕೊಂಡು ನಿಲ್ಲಬೇಕಾಗಿದೆ.

ವಿವರಣೆಯ ಅನುಕೂಲಕ್ಕೆ, ಕರ್ನಾಟಕದ ನಗರ ಮತ್ತು ಪಟ್ಟಣಗಳ ಮನೆಗಳಲ್ಲಿ ಇಂದು ಸಾಮಾನ್ಯವಾಗಿ ಕಾಣುವ ಒಂದು ಜೋಡಿಯನ್ನು ಇಟ್ಟುಕೊಳ್ಳಬಹುದು: ಬಾಟಲಿಯಿಂದ ಶಾಯಿ ಸುರಿದು ತುಂಬಿಸುವ, ಪರದೆಯಿಲ್ಲದ, ನಾಲ್ಕಾರು ಗುಂಡಿಗಳೂ ಮಿನುಗುವ ದೀಪಗಳೂ ಮಾತ್ರ ಇರುವ 'ಇಂಕ್ ಟ್ಯಾಂಕ್' ಪ್ರಿಂಟರ್, ಮತ್ತು ಫೈಬರ್ ಸಂಪರ್ಕ ಕೊಟ್ಟ ಕಂಪನಿಯವರೇ ಗೋಡೆಗೆ ಸಿಕ್ಕಿಸಿ ಹೋದ ರೂಟರ್. ರೂಟರ್ ಎಂದರೆ ಹೊರಗಿನ ಇಂಟರ್ನೆಟ್ಟಿಗೂ ಮನೆಯೊಳಗಿನ ಉಪಕರಣಗಳಿಗೂ ನಡುವೆ ನಿಂತು, ಬಂದ ಮಾಹಿತಿಯನ್ನು ಅದದರ ವಿಳಾಸಕ್ಕೆ ಹಂಚುವ ಪೆಟ್ಟಿಗೆ. ಮನೆಯೊಳಗಿನ ವೈ-ಫೈ ಜಾಲವನ್ನು ಬಿತ್ತರಿಸುವುದೂ ಅದೇ. ವೈ-ಫೈ ಮತ್ತು ಇಂಟರ್ನೆಟ್ ಎರಡೂ ಒಂದೇ ಎಂಬ ಭಾವನೆ ವ್ಯಾಪಕವಾಗಿದ್ದರೂ ಅವು ಬೇರೆಬೇರೆ. ಬಿಲ್ ಕಟ್ಟದೆ ಇಂಟರ್ನೆಟ್ ನಿಂತುಹೋದ ಮನೆಯಲ್ಲೂ ರೂಟರ್ ಉರಿಯುತ್ತಿರುವವರೆಗೆ ಒಳಗಿನ ಜಾಲ ಜೀವಂತವಾಗಿರುತ್ತದೆ, ಮತ್ತು ಲ್ಯಾಪ್‌ಟಾಪಿನಿಂದ ಪ್ರಿಂಟರಿಗೆ ಹೋಗುವ ಪುಟ ಆ ಒಳಜಾಲದಲ್ಲೇ ಸಾಗುವುದರಿಂದ ಮುದ್ರಣಕ್ಕೆ ತಾತ್ವಿಕವಾಗಿ ಇಂಟರ್ನೆಟ್ಟಿನ ಹಂಗಿಲ್ಲ. ಖಾತೆ ತೆರೆದು ಸದಾ ಇಂಟರ್ನೆಟ್ಟಿನಲ್ಲಿರಲೇಬೇಕೆಂದು ಕೆಲವು ಪ್ರಿಂಟರುಗಳು ಹಾಕುವ ನಿಬಂಧನೆ ವ್ಯಾಪಾರದ್ದೇ ಹೊರತು ತಂತ್ರಜ್ಞಾನದ್ದಲ್ಲ.

ಜೋಡಣೆಯ ಮೊದಲ ಹೆಜ್ಜೆಯಲ್ಲೇ ಎಡವಿಸುವ ಕಲ್ಲು ಕಂಪನಾಂಕದ್ದು. ರೇಡಿಯೊ ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಂಬ ಲೆಕ್ಕವೇ ಕಂಪನಾಂಕ. ಮನೆಯ ವೈ-ಫೈ ಸಾಮಾನ್ಯವಾಗಿ ಬಳಸುವುದು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳನ್ನು, ಬಳಕೆಯ ಮಾತಿನಲ್ಲಿ ಎರಡು 'ಬ್ಯಾಂಡು'ಗಳನ್ನು. ಭಾರತದಲ್ಲಿ ಇವುಗಳಲ್ಲಿ ಮೊದಲನೆಯದನ್ನು ಲೈಸೆನ್ಸಿನ ಅಗತ್ಯವಿಲ್ಲದೆ ಯಾರು ಬೇಕಾದರೂ ಬಳಸಬಹುದೆಂದು 2005ರಲ್ಲಿ ಬಿಟ್ಟುಕೊಡಲಾಯಿತು. ಎರಡನೆಯದರ ದೊಡ್ಡ ಭಾಗ ಹಾಗೆ ಮುಕ್ತವಾದದ್ದು 2018ರಲ್ಲಿ. ಇಂದಿನ ರೂಟರುಗಳು ಎರಡೂ ಬ್ಯಾಂಡುಗಳಲ್ಲಿ ಏಕಕಾಲಕ್ಕೆ ಬಿತ್ತರಿಸಿದರೆ, ಮನೆಬಳಕೆಯ ಅಗ್ಗದ ಪ್ರಿಂಟರುಗಳಲ್ಲಿ ಬಹುಪಾಲಿಗೆ 2.4 ಮಾತ್ರ ಕೇಳಿಸುತ್ತದೆ. ಆದ್ದರಿಂದ ಫೋನಿನ ಪಟ್ಟಿಯಲ್ಲಿ ಢಾಳಾಗಿ ಕಾಣುವ ಜಾಲ ಪ್ರಿಂಟರಿನ ಪಟ್ಟಿಯಲ್ಲಿ ಕಾಣದಿದ್ದರೆ ಪ್ರಿಂಟರ್ ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ; ಆ ಜಾಲ 5 ಗಿಗಾಹರ್ಟ್ಸ್‌ನದಾಗಿರುತ್ತದೆ, ಅಷ್ಟೆ. ಹೆಸರಿನ ಬಾಲಕ್ಕೆ '5ಜಿ' ಎಂದು ಅಂಟಿಸುವ ರೂಟರುಗಳ ರೂಢಿ ಈ ಗೊಂದಲಕ್ಕೆ ಇನ್ನೊಂದನ್ನು ಸೇರಿಸಿದೆ. ಮೊಬೈಲ್ ಸಂಪರ್ಕದ ಐದನೆಯ ತಲೆಮಾರನ್ನು ಸೂಚಿಸುವ 5ಜಿಗೂ ಈ 5ಜಿಗೂ ಯಾವ ನಂಟೂ ಇಲ್ಲ.

ಪ್ರಿಂಟರ್ ತಯಾರಕರು ಹಳೆಯ ಬ್ಯಾಂಡಿಗೇ ಅಂಟಿಕೊಂಡಿರುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ಎ4 ಅಳತೆಯ ಪುಟವೊಂದನ್ನು ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ ಚಿತ್ರವಾಗಿಸಿದರೆ ಅಗಲಕ್ಕೆ 2480, ಉದ್ದಕ್ಕೆ 3508 ಚುಕ್ಕೆಗಳಾಗಿ, ಒಂದೊಂದು ಚುಕ್ಕೆಯ ಬಣ್ಣಕ್ಕೆ ಮೂರು ಬೈಟ್ ಹಿಡಿದರೆ ಒಟ್ಟು ಸುಮಾರು 26 ಮೆಗಾಬೈಟ್ ಆಗುತ್ತದೆ. ಸೆಕೆಂಡಿಗೆ 20 ಮೆಗಾಬಿಟ್ ಸಾಗುವ ಸಾಧಾರಣ ಸಂಪರ್ಕದಲ್ಲಿ ಇದು ಒತ್ತಿ ಕುಗ್ಗಿಸದೆ ಹೋದರೂ ಹತ್ತು ಸೆಕೆಂಡಿನ ಮಾತು, ಕುಗ್ಗಿಸಿದರೆ ಅದಕ್ಕೂ ಬಹಳ ಕಡಿಮೆ. ಬಣ್ಣದ ಚಿತ್ರವನ್ನು ಕಾಗದದ ಮೇಲೆ ಇಳಿಸಲು ಪ್ರಿಂಟರಿನ ಶಾಯಿತಲೆಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ ವೇಗದ ಬ್ಯಾಂಡಿನಿಂದ ಹೆಚ್ಚಿನ ಲಾಭವೇನೂ ಇಲ್ಲ. ಇನ್ನು ತರಂಗಾಂತರದ ವಿಷಯ: 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರಾದರೆ ಇನ್ನೊಂದರದ್ದು ಐದಾರು ಸೆಂಟಿಮೀಟರು. ಉದ್ದದ ಅಲೆ ಗೋಡೆಗಳನ್ನು ದಾಟುವುದರಲ್ಲಿ ಮೇಲು. ಕರಾವಳಿಯ ಮುರಕಲ್ಲಿನ ದಪ್ಪ ಗೋಡೆ, ಹಳೆಯ ಮನೆಗಳ ಮಣ್ಣಿನ ಗೋಡೆ, ಎರಡು ಮಹಡಿಗಳ ನಡುವಿನ ಕಬ್ಬಿಣ ಹೆಣೆದ ಕಾಂಕ್ರೀಟು ಇವೆಲ್ಲವೂ ಅಲೆಯ ಬಲವನ್ನು ತಗ್ಗಿಸುತ್ತವೆ. ಕಬ್ಬಿಣದ ಬೀರುವಂತೂ ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಪ್ರಿಂಟರನ್ನು ಬೀರುವಿನ ಮರೆಯಲ್ಲಿಟ್ಟು ಸಂಪರ್ಕ ನಿಲ್ಲುತ್ತಿಲ್ಲವೆಂದು ರೂಟರನ್ನು ದೂರುವುದರಲ್ಲಿ ಅರ್ಥವಿಲ್ಲ.

ಹೀಗೆ ಸರಿಯಾದ ಬ್ಯಾಂಡನ್ನು ಗೊತ್ತುಮಾಡಿಕೊಂಡ ಮೇಲೆ ಉಳಿಯುವ ಪ್ರಶ್ನೆ, ಅಕ್ಷರ ಒತ್ತಲು ಕೀಲಿಮಣೆಯಾಗಲಿ ಓದಲು ಪರದೆಯಾಗಲಿ ಇಲ್ಲದ ಯಂತ್ರಕ್ಕೆ ಪಾಸ್‌ವರ್ಡ್ ಹೇಳಿಕೊಡುವುದು ಹೇಗೆಂಬುದು. ವೈ-ಫೈ ಕಂಪನಿಗಳ ಒಕ್ಕೂಟವು 2006ರಲ್ಲಿ ಬಳಕೆಗೆ ತಂದ 'ಡಬ್ಲ್ಯುಪಿಎಸ್' ಎಂಬ ವಿಧಾನದಲ್ಲಿ ಪಾಸ್‌ವರ್ಡಿನ ಉಸಾಬರಿಯೇ ಇಲ್ಲ: ರೂಟರಿನ ಮೇಲಿರುವ ಆ ಹೆಸರಿನ ಗುಂಡಿಯನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈ-ಫೈ ಗುಂಡಿಯನ್ನು ಕೈಪಿಡಿ ಹೇಳಿದಷ್ಟು ಹೊತ್ತು ಅದುಮಿ ಹಿಡಿದರೆ, ಆ ಅವಧಿಯಲ್ಲಿ ಬಾಗಿಲು ತಟ್ಟಿದ ಉಪಕರಣಕ್ಕೆ ರೂಟರೇ ಗುಟ್ಟನ್ನು ದಾಟಿಸುತ್ತದೆ. ಇದೇ ವಿಧಾನದ ಇನ್ನೊಂದು ಬಗೆಯಲ್ಲಿ ಗುಂಡಿಯ ಬದಲು ಎಂಟು ಅಂಕಿಗಳ ಸಂಖ್ಯೆಯೊಂದು ಬಳಕೆಯಾಗುತ್ತದೆ. ಅದರ ದೌರ್ಬಲ್ಯವನ್ನು ಸ್ಟೆಫಾನ್ ಫೀಬೋಕ್ ಎಂಬ ಸಂಶೋಧಕರು 2011ರ ಡಿಸೆಂಬರಿನಲ್ಲಿ ಬಯಲಿಗೆಳೆದರು. ಎಂಟು ಅಂಕಿಗಳೆಂದರೆ ಹತ್ತು ಕೋಟಿ ಸಾಧ್ಯತೆಗಳಿರಬೇಕಾಗಿತ್ತು. ಆದರೆ ರೂಟರು ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಪ್ರತ್ಯೇಕವಾಗಿ ಒಪ್ಪಿಕೊಂಡುಬಿಡುವುದರಿಂದಲೂ, ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಪಡೆಯುವಂಥದ್ದಾದ್ದರಿಂದಲೂ, ಹೆಚ್ಚೆಂದರೆ ಹನ್ನೊಂದು ಸಾವಿರ ಪ್ರಯತ್ನಗಳಲ್ಲಿ ಬೀಗ ತೆರೆದುಕೊಳ್ಳುತ್ತಿತ್ತು. ಆದ್ದರಿಂದ ಗುಂಡಿಯ ಬಗೆಯನ್ನು ಬಳಸಿ, ಅಂಕಿಯ ಬಗೆಯನ್ನು ರೂಟರಿನಲ್ಲಿ ಮುಚ್ಚಿಡುವುದು ಲೇಸು. ಕೆಲವು ಕಂಪನಿಗಳು ಕೊಡುವ ರೂಟರುಗಳಲ್ಲಿ ಈ ಗುಂಡಿಯೇ ಇರುವುದಿಲ್ಲ, ಇದ್ದರೂ ಕೆಲಸ ಮಾಡದಂತೆ ಕಟ್ಟಿಹಾಕಿರುವುದುಂಟು.

ಅಂಥಲ್ಲಿ ಉಪಯೋಗಕ್ಕೆ ಬರುವುದು ಪ್ರಿಂಟರ್ ಕಂಪನಿಯ ಆ್ಯಪ್ ಮೂಲಕ ನಡೆಯುವ ವಿಧಾನ. ಹೊಸ ಪ್ರಿಂಟರನ್ನು ಮೊದಲ ಸಲ ಚಾಲೂ ಮಾಡಿದಾಗ ಅದು ತಾನೇ ಒಂದು ಪುಟ್ಟ ತಾತ್ಕಾಲಿಕ ವೈ-ಫೈ ಜಾಲವನ್ನು ಬಿತ್ತರಿಸುತ್ತದೆ. ಫೋನು ಕ್ಷಣಕಾಲ ಮನೆಯ ಜಾಲವನ್ನು ಬಿಟ್ಟು ಆ ಪುಟ್ಟ ಜಾಲಕ್ಕೆ ಸೇರಿ, ಮನೆಯ ಜಾಲದ ಹೆಸರು ಮತ್ತು ಪಾಸ್‌ವರ್ಡುಗಳನ್ನು ಪ್ರಿಂಟರಿನ ಕಿವಿಯಲ್ಲಿ ಹೇಳಿ, ಮರಳಿ ಮನೆಯ ಜಾಲಕ್ಕೆ ಬರುತ್ತದೆ. ವಿಧಾನ ಜಾಣತನದ್ದೇ ಆದರೂ ನಡುವೆ ಕೈಕೊಡುವ ಸಂದರ್ಭಗಳು ಮೂರು ಬಗೆಯವು. ಆಂಡ್ರಾಯ್ಡ್ ಫೋನುಗಳಲ್ಲಿ ಸುತ್ತಲಿನ ವೈ-ಫೈ ಜಾಲಗಳ ಪಟ್ಟಿಯಿಂದ ಮನುಷ್ಯ ಎಲ್ಲಿದ್ದಾನೆಂಬುದನ್ನು ಊಹಿಸಬಹುದಾದ ಕಾರಣ, ಆ ಪಟ್ಟಿಯನ್ನು ನೋಡಬಯಸುವ ಆ್ಯಪ್‌ಗೆ 'ಲೊಕೇಶನ್' ಅನುಮತಿ ಬೇಕೆಂಬ ನಿಯಮವನ್ನು 2015ರ ಆರನೆಯ ಆವೃತ್ತಿಯಿಂದ ತರಲಾಯಿತು; ಹಲವು ಫೋನುಗಳಲ್ಲಿ ಇಂದಿಗೂ ಲೊಕೇಶನ್ ಆರಿಸಿಟ್ಟವರಿಗೆ ಪ್ರಿಂಟರ್ ಕಾಣದಿರುವುದು ಈ ಕಾರಣದಿಂದ. ಎರಡನೆಯದಾಗಿ, ಪ್ರಿಂಟರಿನ ತಾತ್ಕಾಲಿಕ ಜಾಲದಲ್ಲಿ ಇಂಟರ್ನೆಟ್ ಇಲ್ಲದಿರುವುದನ್ನು ಕಂಡ ಫೋನು, ಉಪಕಾರ ಮಾಡುತ್ತಿರುವೆನೆಂದು ಭಾವಿಸಿ, ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುತ್ತದೆ. ಜೋಡಣೆ ಮುಗಿಯುವವರೆಗೆ ಮೊಬೈಲ್ ಡೇಟಾವನ್ನು ಆರಿಸಿಡುವುದೇ ಇದಕ್ಕೆ ಮದ್ದು. ಮೂರನೆಯದು ಸಮಯದ ಮಿತಿ. ಕೆಲವು ಪ್ರಿಂಟರುಗಳು ಹೊಸದಾಗಿ ಚಾಲೂ ಮಾಡಿದ ಎರಡು ಗಂಟೆಗಳ ಬಳಿಕ ಆ ತಾತ್ಕಾಲಿಕ ಜಾಲವನ್ನು ಮುಚ್ಚಿಬಿಡುತ್ತವೆ. ಅಂಗಡಿಯಿಂದ ತಂದು, ಪೂಜೆ ಮಾಡಿ, ಶಾಯಿ ತುಂಬಿಸಿ, ಸಂಜೆ ಜೋಡಿಸಲು ಕೂತವರು ಪ್ರಿಂಟರಿನ ಜಾಲವನ್ನೇ ಕಾಣದೆ ಕಂಗಾಲಾಗಬಹುದು. ಕೈಪಿಡಿಯಲ್ಲಿ ಹೇಳಿದ ಗುಂಡಿಗಳನ್ನು ಒತ್ತಿ ಹಿಡಿದು ವೈ-ಫೈ ಸೆಟ್ಟಿಂಗನ್ನು ಮೊದಲಿನ ಸ್ಥಿತಿಗೆ ತಂದರೆ ಅದು ಮತ್ತೆ ಬಿತ್ತರಿಸತೊಡಗುತ್ತದೆ.

ಇವೆರಡಕ್ಕಿಂತಲೂ ಹಳೆಯದಾದ, ಆದರೆ ಬಹಳ ಮಂದಿ ಮರೆತಿರುವ ಮೂರನೆಯ ದಾರಿಯೊಂದಿದೆ: ಯುಎಸ್‌ಬಿ ತಂತಿಯಿಂದ ಪ್ರಿಂಟರನ್ನು ಕಂಪ್ಯೂಟರಿಗೆ ಒಮ್ಮೆ ಜೋಡಿಸಿ, ಕಂಪನಿಯ ತಂತ್ರಾಂಶದ ಮೂಲಕ ಪಾಸ್‌ವರ್ಡನ್ನು ಪ್ರಿಂಟರಿಗೆ ದಾಟಿಸಿ, ಬಳಿಕ ತಂತಿಯನ್ನು ಕಿತ್ತುಹಾಕುವುದು. ತಂತಿಯಿಲ್ಲದ ಸಂಪರ್ಕಕ್ಕೆ ತಂತಿಯ ನೆರವು ಬೇಕಾಗುವುದು ತಮಾಷೆಯಾಗಿ ತೋರಬಹುದಾದರೂ, ರೇಡಿಯೊ ಅಲೆಗಳ ಅನಿಶ್ಚಿತತೆಯಿಲ್ಲದ ಈ ದಾರಿಯೇ ಎಲ್ಲಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಪಾಸ್‌ವರ್ಡ್ ಸರಿಯಾಗಿದ್ದೂ ಪ್ರಿಂಟರನ್ನು ರೂಟರು ಒಳಗೆ ಬಿಡದಿದ್ದರೆ ಸಂಶಯಿಸಬೇಕಾದದ್ದು ಭದ್ರತೆಯ ತಲೆಮಾರನ್ನು. ಗಾಳಿಯಲ್ಲಿ ಸಾಗುವ ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಗೂಢಲಿಪಿಯಾಗಿಸುವ ನಿಯಮಗಳಲ್ಲಿ 'ಡಬ್ಲ್ಯುಪಿಎ2' 2004ರದು, 'ಡಬ್ಲ್ಯುಪಿಎ3' 2018ರದು. ಹೊಸ ರೂಟರನ್ನು ಡಬ್ಲ್ಯುಪಿಎ3 ಒಂದನ್ನೇ ಒಪ್ಪುವಂತೆ ಇಟ್ಟರೆ ಹಳೆಯ ಪ್ರಿಂಟರುಗಳಿಗೆ ಆ ಭಾಷೆಯೇ ತಿಳಿಯದು, ಡಬ್ಲ್ಯುಪಿಎಸ್ ಗುಂಡಿಯೂ ಆಗ ನಿರುಪಯೋಗಿ. ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಹೆಚ್ಚಿನ ರೂಟರುಗಳಲ್ಲಿ ಇರುತ್ತದೆ.

ಜಾಲದೊಳಗೆ ಬಂದ ಪ್ರಿಂಟರಿಗೆ ವಿಳಾಸ ಬೇಕು. 'ಐಪಿ ವಿಳಾಸ'ವೆಂದು ಕರೆಯಲಾಗುವ, 192.168.1.7 ಎಂಬಂತೆ ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಈ ಗುರುತನ್ನು ರೂಟರು 'ಡಿಎಚ್‌ಸಿಪಿ' ಎಂಬ ವ್ಯವಸ್ಥೆಯ ಮೂಲಕ ಕೊಡುತ್ತದೆ. 192.168ರಿಂದ ಮೊದಲಾಗುವ ಸಂಖ್ಯೆಗಳನ್ನು ಮನೆ ಮತ್ತು ಕಚೇರಿಗಳ ಒಳಬಳಕೆಗೆಂದು ಮೀಸಲಿಟ್ಟಿರುವುದರಿಂದ ಒಂದೇ ವಿಳಾಸ ಬಳ್ಳಾರಿಯ ಮನೆಯೊಂದರಲ್ಲೂ ಬೆಳಗಾವಿಯ ಮನೆಯೊಂದರಲ್ಲೂ ಇದ್ದರೆ ಘರ್ಷಣೆಯಿಲ್ಲ, ಊರೂರಿಗೂ ಒಂದು ರಥಬೀದಿ ಇರುವಂತೆ. ಆದರೆ ರೂಟರು ಕೊಡುವ ವಿಳಾಸ ಸ್ವಂತದ್ದಲ್ಲ, ಬಾಡಿಗೆಯದು. ಕೆಲವು ಗಂಟೆಗಳಿಗೋ ದಿನಗಳಿಗೋ ಕೊಟ್ಟು, ಅವಧಿ ಮುಗಿಯುವ ಮುಂಚೆ ಉಪಕರಣ ಕೇಳಿಕೊಂಡರೆ ಮುಂದುವರಿಸುತ್ತದೆ, ಇಲ್ಲವಾದರೆ ಬೇರೆಯವರಿಗೆ ಕೊಡುತ್ತದೆ. ಇಡೀ ತೊಡಕಿನ ಮೂಲ ಇರುವುದು ಈ ಬಾಡಿಗೆಯ ಕರಾರಿನಲ್ಲಿ.

ಕರೆಂಟು ಹೋಗಿ ಬರುವುದು ಸಾಮಾನ್ಯವಾದ ಊರುಗಳಲ್ಲಿ ನಡೆಯುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಿದ್ಯುತ್ ಮರಳಿದಾಗ ಪ್ರಿಂಟರ್ ಅರ್ಧ ನಿಮಿಷದಲ್ಲಿ ಎಚ್ಚರಗೊಂಡರೆ ಫೈಬರ್ ರೂಟರಿಗೆ ಎರಡು ಮೂರು ನಿಮಿಷ ಬೇಕಾಗುತ್ತದೆ. ಕೂಗಿದರೂ ಓಗೊಡುವವರಿಲ್ಲದೆ ಪ್ರಿಂಟರ್ ಕೆಲವೊಮ್ಮೆ ಸುಮ್ಮನಾಗಿಬಿಡುತ್ತದೆ, ಅಥವಾ ವಿಳಾಸ ಕೊಡುವವರೇ ಇಲ್ಲವೆಂದು 169.254ರಿಂದ ಮೊದಲಾಗುವ ಸಂಖ್ಯೆಯೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಅನೇಕ ರೂಟರುಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆನೆಂಬ ಪಟ್ಟಿಯನ್ನು ವಿದ್ಯುತ್ತಿನೊಡನೆ ಕಳೆದುಕೊಳ್ಳುವುದರಿಂದ, ನಿನ್ನೆ 7 ಆಗಿದ್ದ ಪ್ರಿಂಟರ್ ಇಂದು 4 ಆಗಿ, 7 ಎಂಬುದು ಟಿವಿಯ ಪಾಲಾಗಬಹುದು. ಲ್ಯಾಪ್‌ಟಾಪು ಮಾತ್ರ 7ನೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ; ಉತ್ತರ ಬಾರದಿದ್ದಾಗ ಅದು ತೋರಿಸುವ ಮಾತೇ 'ಆಫ್‌ಲೈನ್'. ಪ್ರಿಂಟರ್ ಜಾಲದಲ್ಲಿ ಇದ್ದೇ ಇದೆ, ವಿಳಾಸ ಬದಲಾಗಿದೆ ಅಷ್ಟೆ.

ಇದನ್ನು ಊಹೆಯಿಂದಲ್ಲದೆ ಪ್ರಮಾಣದಿಂದ ತಿಳಿಯುವ ಸಾಧನ ಪ್ರಿಂಟರಿನೊಳಗೇ ಇದೆ. ಮಾಹಿತಿಯ ಗುಂಡಿಯನ್ನೋ ವೈ-ಫೈ ಗುಂಡಿಯನ್ನೋ ಒತ್ತಿದರೆ ಮನೆಬಳಕೆಯ ಬಹುಪಾಲು ಪ್ರಿಂಟರುಗಳು ತಮ್ಮ ಜಾತಕವನ್ನು ತಾವೇ ಮುದ್ರಿಸಿ ಕೊಡುತ್ತವೆ. ಯಾವ ಜಾಲಕ್ಕೆ ಸೇರಿದೆ, ಐಪಿ ವಿಳಾಸ ಯಾವುದು, ಸಂಕೇತದ ಬಲವೆಷ್ಟು ಎಂಬ ವಿವರಗಳೂ, ಆ ಉಪಕರಣಕ್ಕೆ ಕಾರ್ಖಾನೆಯಲ್ಲೇ ಕೆತ್ತಿದ, ಎರಡೆರಡಾಗಿ ಬರೆದ ಹನ್ನೆರಡು ಅಂಕಿ-ಅಕ್ಷರಗಳ 'ಮ್ಯಾಕ್ ವಿಳಾಸ'ವೂ ಅದರಲ್ಲಿರುತ್ತವೆ. ಆ ಪುಟದಲ್ಲಿ 169.254 ಎಂದಿದ್ದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲವೆಂದೂ, 192.168 ಎಂದಿದ್ದೂ ಕಂಪ್ಯೂಟರಿಗೆ ಕಾಣುತ್ತಿಲ್ಲವಾದರೆ ತೊಂದರೆ ಕಂಪ್ಯೂಟರಿನ ಕಡೆಯದೆಂದೂ ತೀರ್ಮಾನಿಸಬಹುದು. ಎಲ್ಲವನ್ನೂ ಅಳಿಸಿ ಮತ್ತೆ ಜೋಡಿಸುವ ಅರ್ಧ ದಿನದ ಕೆಲಸವನ್ನು ಈ ಒಂದು ಹಾಳೆ ಉಳಿಸುತ್ತದೆ. ಆದರೂ ಇದನ್ನು ಮುದ್ರಿಸಿ ನೋಡುವವರು ವಿರಳ.

ಶಾಶ್ವತ ಪರಿಹಾರವೆಂದರೆ ಬಾಡಿಗೆಯ ವಿಳಾಸವನ್ನು ಕಾಯಂ ಮಾಡಿಸುವುದು. ಬ್ರೌಸರಿನಲ್ಲಿ ರೂಟರಿನ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರಿನಲ್ಲಾದರೆ 192.168.29.1, ಬರೆದು ಅದರ ಒಳಪುಟ ತೆರೆದು, ವಿಳಾಸ ಕಾಯ್ದಿರಿಸುವ ಭಾಗದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನೂ ಅದಕ್ಕೆ ಮೀಸಲಿಡಬೇಕಾದ ಐಪಿ ವಿಳಾಸವನ್ನೂ ದಾಖಲಿಸಿದರೆ, ಎಷ್ಟು ಸಲ ಕರೆಂಟು ಹೋದರೂ ಪ್ರಿಂಟರಿಗೆ ಅದೇ ವಿಳಾಸ ಸಿಗುತ್ತದೆ. ಪ್ರಿಂಟರಿನಲ್ಲೇ ಸ್ಥಿರ ವಿಳಾಸ ನಮೂದಿಸುವ ಇನ್ನೊಂದು ಬಗೆಯೂ ಇದೆ. ಆದರೆ ಹಾಗೆ ಇಟ್ಟುಕೊಂಡದ್ದು ರೂಟರಿಗೆ ಗೊತ್ತಿಲ್ಲದ ಕಾರಣ ಅದೇ ಸಂಖ್ಯೆಯನ್ನು ಬೇರೊಂದು ಫೋನಿಗೆ ಕೊಟ್ಟು ಇಬ್ಬರನ್ನು ಒಂದೇ ಮನೆಯಲ್ಲಿ ಕೂರಿಸುವ ಅಪಾಯವಿರುವುದರಿಂದ, ಹಂಚುವ ಅಧಿಕಾರವುಳ್ಳ ರೂಟರಿನಲ್ಲೇ ಕಾಯ್ದಿರಿಸುವುದು ಮೇಲು.

ಸಂಖ್ಯೆಯ ಬದಲು ಹೆಸರಿನಿಂದ ಹುಡುಕುವ ಏರ್ಪಾಡೂ ಇಲ್ಲದಿಲ್ಲ. ಆಪಲ್ ಕಂಪನಿ 2002ರಲ್ಲಿ ಬೇರೊಂದು ಹೆಸರಿನಲ್ಲಿ ತಂದು 2005ರಿಂದ 'ಬೊಂಜೂರ್' ಎಂದು ಕರೆದ ವ್ಯವಸ್ಥೆಯಲ್ಲಿ, ಪ್ರಿಂಟರ್ ಬೇಕಾದ ಫೋನು 'ಇಲ್ಲಿ ಮುದ್ರಿಸುವವರು ಯಾರಾದರೂ ಇದ್ದೀರಾ' ಎಂದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಪ್ರಿಂಟರ್ ತನ್ನ ಹೆಸರನ್ನೂ ಆ ಹೊತ್ತಿನ ವಿಳಾಸವನ್ನೂ ಹೇಳಿ ಓಗೊಡುತ್ತದೆ. ವಿಳಾಸ ಬದಲಾದರೂ ಫೋನಿನಿಂದ ಮುದ್ರಣ ನಡೆಯುವುದೂ, ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡ ವಿಂಡೋಸ್ ಲ್ಯಾಪ್‌ಟಾಪಿನಿಂದ ನಡೆಯದಿರುವುದೂ ಇದರಿಂದಲೇ. ಆದರೆ ಈ ಕೂಗು ಒಂದೇ ಜಾಲದೊಳಗೆ ಮಾತ್ರ ಕೇಳಿಸುವಂಥದ್ದು. ಅತಿಥಿಗಳಿಗೆಂದು ರೂಟರು ಬಿತ್ತರಿಸುವ 'ಗೆಸ್ಟ್' ಜಾಲಕ್ಕೆ ಸೇರಿದ ಫೋನು ಇಂಟರ್ನೆಟ್ಟನ್ನು ಮುಟ್ಟಬಲ್ಲುದೇ ಹೊರತು ಪ್ರಿಂಟರನ್ನಲ್ಲ, ಏಕೆಂದರೆ ಅತಿಥಿಯನ್ನು ಜಗಲಿಯಲ್ಲೇ ಕೂರಿಸುವುದು ಆ ಜಾಲದ ಉದ್ದೇಶ. ಬೆಂಗಳೂರಿನಂಥ ಊರುಗಳಲ್ಲಿ ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಕಾರಣ ಸೇರುತ್ತದೆ: ಕಚೇರಿಯ ಜಾಲಕ್ಕೆ ಗುಪ್ತ ಸುರಂಗದಂತೆ ಸಂಪರ್ಕ ಕಲ್ಪಿಸುವ 'ವಿಪಿಎನ್' ಚಾಲೂ ಇರುವಾಗ ಯಂತ್ರದ ಮಾತೆಲ್ಲವೂ ಆ ಸುರಂಗದಲ್ಲೇ ಹೋಗುವಂತೆ ಹಲವು ಕಚೇರಿಗಳು ಕಟ್ಟುಮಾಡಿರುವುದರಿಂದ, ಮೊಳದೂರದ ಪ್ರಿಂಟರ್ ಕಣ್ಮರೆಯಾಗುತ್ತದೆ.

ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗಳಲ್ಲಿ ಒಬ್ಬರ ಫೋನಿನ ಹಾಟ್‌ಸ್ಪಾಟನ್ನೇ ಜಾಲವಾಗಿಸಿ ಪ್ರಿಂಟರನ್ನು ಸೇರಿಸುವ ರೂಢಿಯಿದೆ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಇದು ನಡೆಯುತ್ತದೆ, ಆದರೆ ಆ ಫೋನು ಮನೆಯಿಂದ ಹೊರಟರೆ ಜಾಲವೂ ಅದರ ಜೊತೆ ಹೊರಡುತ್ತದೆ. ಅಂಥವರಿಗೆ, ರೂಟರಿನ ಮಧ್ಯಸ್ಥಿಕೆಯಿಲ್ಲದೆ ಫೋನು ಮತ್ತು ಪ್ರಿಂಟರ್ ನೇರವಾಗಿ ಮಾತಾಡುವ 'ವೈ-ಫೈ ಡೈರೆಕ್ಟ್' ಸಾಕು.

ಪ್ರಿಂಟರನ್ನು ಹುಡುಕಿದ ಮೇಲೆ ಅದರ ಭಾಷೆಯಲ್ಲಿ ಮಾತಾಡಬೇಕು. ಹಿಂದೆ ಪ್ರತಿ ಪ್ರಿಂಟರಿಗೂ ಅದರದೇ 'ಡ್ರೈವರ್', ಅಂದರೆ ಕಂಪ್ಯೂಟರಿನ ಆಜ್ಞೆಯನ್ನು ಆ ಯಂತ್ರದ ನುಡಿಗೆ ತಿರುಗಿಸುವ ತಂತ್ರಾಂಶ, ಸಿಡಿಯಲ್ಲಿ ಬರುತ್ತಿತ್ತು. ಪ್ರಿಂಟರುಗಳೆಲ್ಲಕ್ಕೂ ಒಂದೇ ಸಾಮಾನ್ಯ ಭಾಷೆಯಾಗಿ 1999ರಲ್ಲಿ ಪ್ರಕಟವಾದ 'ಐಪಿಪಿ' ಎಂಬ ನಿಯಮಾವಳಿ ಬಹುಕಾಲ ಕಚೇರಿಗಳಿಗೆ ಸೀಮಿತವಾಗಿದ್ದು, ಅದನ್ನು ಆಧರಿಸಿ ಆಪಲ್ 2010ರ ನವೆಂಬರಿನಲ್ಲಿ 'ಏರ್‌ಪ್ರಿಂಟ್' ತಂದಾಗ ಮನೆಗಳಿಗೆ ಬಂತು. ಆಂಡ್ರಾಯ್ಡ್ ಕಡೆಯಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್ಸಂಗ್, ಜೆರಾಕ್ಸ್ ಕಂಪನಿಗಳು 2013ರಲ್ಲಿ ಕಟ್ಟಿದ 'ಮಾಪ್ರಿಯಾ' ಒಕ್ಕೂಟ ಅದೇ ಕೆಲಸ ಮಾಡಿತು. ಡ್ರೈವರುಗಳನ್ನು ಕ್ರಮೇಣ ಕೈಬಿಟ್ಟು ಇದೇ ಭಾಷೆಗೆ ಬರುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಘೋಷಿಸಿದೆ. ಪುಟವನ್ನು ಇಂಟರ್ನೆಟ್ಟಿನ ಮೂಲಕ ಸುತ್ತುಹಾಕಿಸಿ ಪ್ರಿಂಟರಿಗೆ ತಲುಪಿಸುತ್ತಿದ್ದ ಗೂಗಲ್‌ನ 'ಕ್ಲೌಡ್ ಪ್ರಿಂಟ್' ಸೇವೆಯಾದರೋ 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು, ಮತ್ತು ಅದೊಂದನ್ನೇ ನೆಚ್ಚಿಕೊಂಡವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು. ಪ್ರಿಂಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮಾಪ್ರಿಯಾ ಎಂಬ ಹೆಸರುಗಳನ್ನು ಹುಡುಕುವುದು, ನಿಮಿಷಕ್ಕೆ ಎಷ್ಟು ಪುಟವೆಂಬ ಜಾಹೀರಾತನ್ನು ಓದುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಕನ್ನಡ ಬರಹವನ್ನು ಮುದ್ರಿಸುವವರಿಗೆ ಇಲ್ಲಿ ಒಂದು ವಿಶೇಷ ಸಮಸ್ಯೆಯುಂಟು. ತಂತಿಯ ಕಾಲದಲ್ಲಿ ಬರೆದ ಯಂತ್ರದಿಂದಲೇ ಮುದ್ರಿಸುತ್ತಿದ್ದುದರಿಂದ ಫಾಂಟುಗಳ ಚಿಂತೆಯಿರಲಿಲ್ಲ. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ 'ಬರಹ' ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಲಾಗಿತ್ತು. ಆ ಫಾಂಟಿಲ್ಲದ ಫೋನಿನಲ್ಲಿ ಅಂಥ ಕಡತವನ್ನು ತೆರೆದು ವೈ-ಫೈ ಮೂಲಕ ಪ್ರಿಂಟರಿಗೆ ಕಳಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಇದನ್ನು ಪ್ರಿಂಟರಿನ ದೋಷವೆಂದು ತಿಳಿಯುವವರಿದ್ದಾರೆ. ಫೋನಿನಿಂದ ಹೀಗೆ ಮುದ್ರಿಸುವಾಗ ಪುಟದ ರೂಪ ಸಿದ್ಧವಾಗುವುದು ಫೋನಿನಲ್ಲಿಯೇ, ಮತ್ತು ಅಲ್ಲಿಂದ ಹೊರಡುವುದು ಬಹುಮಟ್ಟಿಗೆ ಪುಟದ ಚಿತ್ರ ಮಾತ್ರ. ಪ್ರಿಂಟರಿಗೆ ಕನ್ನಡ ಗೊತ್ತಿರಬೇಕಾಗಿಯೇ ಇಲ್ಲ. ಬರೆದ ಕಂಪ್ಯೂಟರಿನಲ್ಲೇ ಕಡತವನ್ನು ಪಿಡಿಎಫ್ ಆಗಿಸಿದರೆ ಫಾಂಟು ಅದರೊಳಗೇ ಅಡಕವಾಗಿ, ಯಾವ ಫೋನಿನಿಂದ ಕಳಿಸಿದರೂ ಒತ್ತಕ್ಷರ ಒತ್ತಕ್ಷರವಾಗಿಯೇ ಬರುತ್ತದೆ; ಯೂನಿಕೋಡಿನಲ್ಲಿ ಬರೆದಿದ್ದರೆ ಅಷ್ಟೂ ಬೇಕಾಗಿಲ್ಲ.

ಜಾಲಕ್ಕೆ ಸೇರಿದ ಪ್ರಿಂಟರ್ ಒಂದು ಪುಟ್ಟ ಕಂಪ್ಯೂಟರೇ ಆಗಿರುವುದರಿಂದ ಅದಕ್ಕೂ ಬೀಗ ಬೇಕು. ಬ್ರೌಸರಿನಲ್ಲಿ ಪ್ರಿಂಟರಿನ ಐಪಿ ವಿಳಾಸವನ್ನು ಬರೆದರೆ ಅದರ ಒಳಪುಟ ತೆರೆಯುತ್ತದೆ. ಅಲ್ಲಿನ ಮೂಲ ಪಾಸ್‌ವರ್ಡನ್ನು ಬದಲಿಸದೆ ಬಿಡುವವರೇ ಹೆಚ್ಚು. ಹೊರಗಿನಿಂದ ಮುದ್ರಿಸುವ ಆಸೆಗೆ ರೂಟರಿನಲ್ಲಿ ಬಾಗಿಲು ತೆರೆದಿಡುವುದಂತೂ ಸಲ್ಲದು. ಹೀಗೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸುಮಾರು 50,000 ಪ್ರಿಂಟರುಗಳಲ್ಲಿ, ಯೂಟ್ಯೂಬ್ ಚಾನೆಲೊಂದಕ್ಕೆ ಚಂದಾದಾರರಾಗಿರೆಂಬ ಹಾಳೆಯನ್ನು ತಾನು ಮುದ್ರಿಸಿದ್ದಾಗಿ ಅನಾಮಿಕನೊಬ್ಬ 2018ರ ಕೊನೆಯಲ್ಲಿ ಹೇಳಿಕೊಂಡಿದ್ದ.

ಇಂಟರ್ನೆಟ್ ಕಂಪನಿಯನ್ನು ಬದಲಿಸಿದಾಗ ಹೊಸ ರೂಟರು ಹೊಸ ಹೆಸರು, ಹೊಸ ಪಾಸ್‌ವರ್ಡುಗಳೊಡನೆ ಬರುತ್ತದೆ, ಮತ್ತು ಪ್ರಿಂಟರಿನಿಂದ ಹಿಡಿದು ಟಿವಿಯವರೆಗೆ ಎಲ್ಲವನ್ನೂ ಮತ್ತೆ ಜೋಡಿಸುವ ಕೆಲಸ ಎದುರಾಗುತ್ತದೆ. ಹಾಗೆ ಮಾಡುವ ಬದಲು ಹೊಸ ರೂಟರಿಗೇ ಹಳೆಯ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ, ಅಕ್ಷರದ ದೊಡ್ಡದು ಚಿಕ್ಕದರ ವ್ಯತ್ಯಾಸವೂ ಇಲ್ಲದಂತೆ, ಇಟ್ಟುಬಿಟ್ಟರೆ, ಭದ್ರತೆಯ ತಲೆಮಾರು ಹೊಂದಿಕೊಂಡಿರುವವರೆಗೆ ಉಪಕರಣಗಳು ಪೆಟ್ಟಿಗೆ ಬದಲಾದದ್ದನ್ನೂ ಅರಿಯದೆ ತಾವಾಗಿಯೇ ಒಳಬರುತ್ತವೆ. ಕಾಯ್ದಿರಿಸಿದ ವಿಳಾಸವನ್ನು ಮಾತ್ರ ಮತ್ತೊಮ್ಮೆ ಬರೆಯಬೇಕು. ಪ್ರಿಂಟರೇ ಹಳತಾಗಿ ಗುಜರಿಗೋ ಇನ್ನೊಬ್ಬರ ಕೈಗೋ ಹೋಗುವಾಗ ಅದರ ನೆನಪಿನಲ್ಲಿ ಮನೆಯ ಪಾಸ್‌ವರ್ಡ್ ಹಾಗೆಯೇ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಗುಂಡಿಗಳನ್ನು ಒತ್ತಿ ಹಿಡಿದು ಅದನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದು, ವೈ-ಫೈ ದೀಪ ಮತ್ತೆ ಮಿನುಗತೊಡಗಿದ್ದನ್ನು ನೋಡಿಕೊಂಡ ಮೇಲೆ ಕೊಡಬೇಕು.